ಮೆಹರ್‌ಬಾನ್ ಥಿಯೇಟರಿನ ಒನ್ಸ್ ಮೋರ್

ಚಾವಟಿಯ ಏಟಿಗೆ ಸದ್ದು ಕೊಡುವವನು ಚಾವಟಿಯ ತುದಿಯನ್ನು ನೋಡಬಾರದು, ಹೊಡೆಯುವವನ ಭುಜವನ್ನು ನೋಡಬೇಕು. ತುದಿ ನೋಡಿ ಹಲಗೆ ಬಡಿದರೆ ಸದ್ದು ಸೆಕೆಂಡಿನ ಐದನೇ ಒಂದು ಪಾಲಿನಷ್ಟು ತಡವಾಗುತ್ತದೆ. ಅಷ್ಟಾದರೆ ಸಾಕು, ಮೂರನೇ ಸಾಲಿನವನು ನಕ್ಕುಬಿಡುತ್ತಾನೆ. ಭುಜ ಮುಂದಕ್ಕೆ ಬಿದ್ದ ಕ್ಷಣವೇ ಬಡಿದರೆ, ಬಟ್ಟೆಯ ಚಾವಟಿ ಬೆನ್ನು ತಾಗುವುದೂ ಹಲಗೆ ಫಟ್ ಎನ್ನುವುದೂ ಒಂದಾಗುತ್ತವೆ.

ಗ್ರಾಂಟ್ ರೋಡಿನ ಮೆಹರ್‌ಬಾನ್ ಥಿಯೇಟರಿನಲ್ಲಿ, ರಂಗದ ಎಡಗಡೆಯ ಮರೆಯಲ್ಲಿ ನಿಂತು ನಾನು ಈ ಕೆಲಸವನ್ನು ನಲವತ್ತೈದು ವರ್ಷ ಮಾಡಿದ್ದೇನೆ. ಒಂದೂವರೆ ಅಡಿ ಉದ್ದದ ಎರಡು ತೇಗದ ಹಲಗೆ, ಒಂದು ತುದಿಯಲ್ಲಿ ಎರಡನ್ನೂ ಹಿಡಿದಿಟ್ಟ ಚರ್ಮದ ಪಟ್ಟಿ. ಪರೇಲಿನ ಒಂದು ಗಿರಣಿಯ ಬಣ್ಣದ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಗ ಅವು ನನ್ನ ಕೈಗೆ ಬಂದವು. ಗಿರಣಿ ಹೋಯಿತು, ಲ್ಯಾಬು ಹೋಯಿತು, ಹಲಗೆ ಉಳಿದವು. ವಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ಬಂದವನೆಂದು ಎಲ್ಲರೂ ನನ್ನನ್ನು ಗುರಲಿಂಗಪ್ಪ ಮಾಸ್ತರ ಅನ್ನುತ್ತಾರೆ. ನಾನು ಯಾವ ಶಾಲೆಯಲ್ಲೂ ಕಲಿಸಿದವನಲ್ಲ.

ಕಳೆದ ಫೆಬ್ರುವರಿಯ ಒಂದು ಭಾನುವಾರ ಮಧ್ಯಾಹ್ನ ಆ ರಂಗದ ಮೇಲೆ ಈಶ್ವರನಿಗೆ ಬಿದ್ದ ಏಟುಗಳಲ್ಲಿ ಮೊದಲ ಏಳನ್ನು ಮುಚ್ಚಿಹಾಕಿದವನು ನಾನು.

ಈಶ್ವರನಿಗೆ ಇಪ್ಪತ್ತೊಂಬತ್ತು. ಮನೆ ಧಾರಾವಿಯಲ್ಲಿ. ಎರಡು ವರ್ಷದ ಹಿಂದೆ, ಪರೇಲಿನಲ್ಲಿ ಹಳೆಯ ಗಿರಣಿಯ ಜಾಗದಲ್ಲಿ ಏಳುತ್ತಿದ್ದ ಒಂದು ಟವರಿನಲ್ಲಿ ಕಬ್ಬಿಣದ ಸರಳು ಕಟ್ಟುವ ಕೆಲಸ ಮಾಡುತ್ತಿದ್ದ. ಅಲ್ಲಿಗೆ ಆಳುಗಳನ್ನು ಕೊಡುತ್ತಿದ್ದ ಮುಕಾದಮ ಶ್ರೀಮಂತ, ನಮ್ಮ ವಿಜಾಪುರದ ಇಂಡಿ ತಾಲೂಕಿನವನೇ. ಒಂದು ಮುಂಜಾನೆ ಸಾಮಾನು ಎತ್ತುವ ಲಿಫ್ಟಿನ ತಂತಿಹಗ್ಗ ಹರಿದು, ಸಂಗಪ್ಪ ಎಂಬ ಆಳು ಹತ್ತೊಂಬತ್ತನೇ ಮಾಳಿಗೆಯಿಂದ ಬಿದ್ದು ಸತ್ತ. ಹಗ್ಗದ ಎಳೆಗಳು ಕಿತ್ತಿರುವುದನ್ನು ಎರಡು ದಿನ ಮೊದಲೇ ಈಶ್ವರ ಶ್ರೀಮಂತನಿಗೆ ತೋರಿಸಿದ್ದ. ತೋರಿಸುವಾಗ ಅಲ್ಲಿದ್ದವರು ಮೂವರು: ಶ್ರೀಮಂತ, ಈಶ್ವರ, ಸಂಗಪ್ಪ. ಸಂಗಪ್ಪ ಈಗಿಲ್ಲ. ಹೀಗಾಗಿ, ಮುಕಾದಮನಿಗೆ ಮೊದಲೇ ಗೊತ್ತಿತ್ತು ಎಂದು ಹೇಳಬಲ್ಲ ಬಾಯಿ ಈ ಊರಿನಲ್ಲಿ ಒಂದೇ ಉಳಿದಿತ್ತು. ಆ ಬಾಯಿ ನಾಟಕದ ಮರುದಿನ, ಸೋಮವಾರ ಹನ್ನೊಂದಕ್ಕೆ, ಕೋರ್ಟಿನಲ್ಲಿ ಶ್ರೀಮಂತನ ವಿರುದ್ಧ ಸಾಕ್ಷಿ ಹೇಳಬೇಕಿತ್ತು.

ಮೆಹರ್‌ಬಾನ್ ಥಿಯೇಟರನ್ನು ಕಟ್ಟಿಸಿದವನು ಒಬ್ಬ ಪಾರ್ಸಿ ಸೇಠ, 1887ರಲ್ಲಿ. ನಮ್ಮ ಜನ ಅದನ್ನು ಮೆರಬಾನ ಅನ್ನುತ್ತಾರೆ. ಮೊದಲು ಪಾರ್ಸಿ ಕಂಪನಿಗಳು, ಆಮೇಲೆ ಮರಾಠಿ ಸಂಗೀತ ನಾಟಕಗಳು, ಗಿರಣಿಗಳು ತುಂಬಿಕೊಂಡ ಮೇಲೆ ಗದಗು ಹುಬ್ಬಳ್ಳಿಯ ಕಡೆಯ ಕಂಪನಿಗಳು ಅಲ್ಲಿ ಆಡಿದವು. ಹಾಡೋ ದೃಶ್ಯವೋ ಮನಸ್ಸಿಗೆ ಹಿಡಿಸಿದರೆ ಸಭೆ ‘ಒನ್ಸ್ ಮೋರ್’ ಎಂದು ಕೂಗುತ್ತದೆ, ನಟರು ಅದನ್ನು ಮೊದಲನೇ ಮಾತಿನಿಂದ ಮತ್ತೆ ಆಡಬೇಕು. ಇದು ಎಲ್ಲ ಕಂಪನಿ ನಾಟಕಗಳಲ್ಲೂ ಉಂಟು. ಮೆರಬಾನದಲ್ಲಿ ಮಾತ್ರ ಅದು ಕಾಯಿದೆಯಾಗಿತ್ತು. 1941ರಲ್ಲಿ ಒಬ್ಬ ಮ್ಯಾನೇಜರ್ ಕೊನೆಯ ಟ್ರಾಮು ತಪ್ಪೀತೆಂದು ನಾಲ್ಕನೇ ಒನ್ಸ್ ಮೋರಿನ ನಡುವೆ ಪರದೆ ಇಳಿಸಿದ. ಸಭೆ ಇನ್ನೂರ ಹನ್ನೆರಡು ಕುರ್ಚಿ ಮುರಿಯಿತು, ಟಿಕೆಟ್ ಕಿಟಕಿಗೆ ಬೆಂಕಿ ಇಟ್ಟಿತು. ಮ್ಯಾನೇಜರ್ ಕಾಲ್ತುಳಿತಕ್ಕೆ ಸಿಕ್ಕು ಮೂರನೇ ದಿನ ಸತ್ತ. ಆಮೇಲೆ ರಂಗದ ಪಕ್ಕದ ಗೋಡೆಯ ಮೇಲೆ ಗುಜರಾತಿ, ಮರಾಠಿ, ಕನ್ನಡ ಮೂರರಲ್ಲೂ ಬರೆಸಿದರು: ‘ಒನ್ಸ್ ಮೋರ್ ನಡೆದಿರುವಾಗ ಪರದೆ ಇಳಿಸಬಾರದು. ನಟರು ರಂಗ ಬಿಡಬಾರದು.’ ಇದಕ್ಕೆ ಒಂದೇ ವಿನಾಯಿತಿ, ಅದನ್ನು ಗೋಡೆಯ ಮೇಲೆ ಬರೆದಿಲ್ಲ: ದೃಶ್ಯದ ಕೊನೆಗೆ ಬಿದ್ದ ನಟ ತಾನಾಗಿ ಏಳದಿದ್ದರೆ ಮತ್ತೆ ಆಡುವಂತಿಲ್ಲ.

ನಮ್ಮವರು ಪ್ರತಿ ಫೆಬ್ರುವರಿ ಆಡುವ ನಾಟಕ ‘ಏಳೇಟು’. ಒಬ್ಬ ಮಗ್ಗದ ಆಳು ಎಪ್ಪತ್ತು ವರ್ಷದ ಹಿಂದೆ ಬರೆದದ್ದು. ಯಂತ್ರದ ಪಟ್ಟಾ ಹರಿದು ಒಬ್ಬ ಕೂಲಿ ಸಾಯುತ್ತಾನೆ. ಸತ್ತವನ ಗೆಳೆಯ ಮುಕಾದಮನ ಚಾವಟಿ ಕಸಿದುಕೊಂಡು, ‘ಪಟ್ಟಾ ಹರಿಯೂದು ನಿನಗ ಗೊತ್ತಿತ್ತಿಲ್ಲೋ?’ ಎಂದು ಕೇಳುತ್ತಾ ಹೊಡೆಯುತ್ತಾನೆ. ಮುಕಾದಮ ಆರು ಏಟಿನ ತನಕ ‘ನನಗ ಗೊತ್ತಿಲ್ಲ’ ಅನ್ನುತ್ತಾನೆ. ಏಳನೆಯದಕ್ಕೆ ‘ಗೊತ್ತಿತ್ತು’ ಎಂದು ಬೀಳುತ್ತಾನೆ. ಅಷ್ಟೇ ದೃಶ್ಯ. ಗಿರಣಿಗಳಿದ್ದಾಗ ಅದಕ್ಕೆ ಐದು ಆರು ಒನ್ಸ್ ಮೋರ್ ಸಾಮಾನ್ಯ. ಮುಷ್ಕರದ ವರ್ಷ ಹನ್ನೊಂದಾಗಿತ್ತು. ನಿಜವಾದ ಮುಕಾದಮರು ಹೆಂಡತಿ ಮಕ್ಕಳೊಂದಿಗೆ ಬಾಲ್ಕನಿಯಲ್ಲಿ ಕೂತು, ತಮ್ಮಂಥವನು ಏಟು ತಿನ್ನುವುದನ್ನು ನೋಡಿ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು. ಸಿಟ್ಟು ಇಲ್ಲಿ ಇಳಿದರೆ ಗಿರಣಿಯಲ್ಲಿ ಏರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ನಾನು ಲ್ಯಾಬಿನವನು, ನಾಲ್ಕು ವರ್ಷ ಒಂದು ವಹಿಯಲ್ಲಿ ಒನ್ಸ್ ಮೋರ್‌ಗಳ ಸಂಖ್ಯೆಯನ್ನೂ ಮುಂದಿನ ವಾರ ಗಿರಣಿಯ ನಮ್ಮ ಖಾತೆಯಲ್ಲಿ, ಅಂದರೆ ನಮ್ಮ ವಿಭಾಗದಲ್ಲಿ, ಆದ ಹೊಡೆದಾಟಗಳನ್ನೂ ಬರೆದಿಟ್ಟೆ. ಎರಡಕ್ಕೂ ಸಂಬಂಧ ಕಾಣಲಿಲ್ಲ. ಆದರೂ ಹಿರಿಯರ ಮಾತನ್ನೇ ನಂಬಿದೆ. ಒಬ್ಬರಿಗೊಬ್ಬರು ಮಾತೇ ಆಡದ ಅಣ್ಣತಮ್ಮಂದಿರು ಆ ರಂಗದ ಮೇಲೆ ಗಂಡಹೆಂಡಿರಾಗಿ ಆಡಿದ್ದನ್ನು ಕಂಡವನು ನಾನು.

ಈಶ್ವರ ಐದು ವರ್ಷದಿಂದ ಮುಕಾದಮನ ಪಾತ್ರ ಮಾಡುತ್ತಿದ್ದ. ಕೂಲಿಯ ಪಾತ್ರದವನು ಈ ಸಲ ಊರು ಸೇರಿಬಿಟ್ಟ. ಜನವರಿಯಲ್ಲಿ ಶ್ರೀಮಂತ ನನ್ನ ಚಾಳಿನ ಕೋಣೆಗೆ ಬಂದ. ಬಾಗಿಲಲ್ಲೇ ಬಗ್ಗಿ ಕಾಲು ಮುಟ್ಟಿದ.

“ಮಾಸ್ತರ, ಸಣ್ಣಾಂವ ಇದ್ದಾಗ ಮೆರಬಾನದ ಬಾಲ್ಕನ್ಯಾಗ ನಮ್ಮಪ್ಪನ ತೊಡಿ ಮ್ಯಾಲ ಕುಂತು ನೋಡೀನಿ. ಆ ಕೂಲಿ ಪಾತ್ರ ಒಮ್ಮೆ ನನಗ ಕೊಡ್ರಿ.”

“ಈಶ್ವರ ಇರ್ತಾನಲ್ಲಪಾ ಎದುರಿಗೆ.”

“ಇರ್ಲಿ ಬಿಡ್ರಿ. ಕೋರ್ಟ್ ಕೋರ್ಟಿನ ಜಾಗಾದಾಗ, ನಾಟಕ ನಾಟಕದ ಜಾಗಾದಾಗ. ನೀವ ಹೇಳಿದ್ದಲ್ಲೇನು ಇದು?”

ನಾನೇ ಹೇಳಿದ್ದು. ಎಷ್ಟೋ ಸಲ, ಎಷ್ಟೋ ಜನರಿಗೆ.

ಈಶ್ವರನಿಗೆ ತಿಳಿಸಿದೆ. “ಕಾಕಾ, ಅಂವನ ಕೈಯಾಗ ಚಾವಟಿ ಕೊಡ್ತೀರಿ. ಇಡೀ ಮುಂಬೈದಾಗ ಬ್ಯಾರೆ ಕೈ ಸಿಗಲಿಲ್ಲೇನು?”

“ಬಟ್ಟಿ ಚಾವಟಿನೋ ಅದು. ಮೆರಬಾನದ ರಂಗದ ಮ್ಯಾಲ ಇಷ್ಟ ವರ್ಷದಾಗ ಯಾರೂ ಯಾರನ್ನೂ ಖರೇನ ಹೊಡದಿಲ್ಲ.”

“ನೀವ ಅಂತೀರಿ ಅಂತ ಬರ್ತೀನಿ.” ಆಮೇಲೆ ನಕ್ಕ. “ಏನಂದ್ರೂ ವರ್ಷಕ್ಕ ಒಂದಿನಾ ನಾ ಮುಕಾದಮ, ಅಂವ ಕೂಲಿ. ಅದನ್ನ ಬಿಡಬಾರದು.”

ತಾಲೀಮಿನಲ್ಲಿ ಶ್ರೀಮಂತ ಒಂದು ದಿನವೂ ತಪ್ಪಲಿಲ್ಲ. ಮಾತು ಚೆನ್ನಾಗಿ ಕಲಿತ. ಈಶ್ವರನಿಗೆ ತಾನೇ ಚಹಾ ತಂದುಕೊಡುತ್ತಿದ್ದ.

ಭಾನುವಾರ ಮೂರೂವರೆಗೆ ಆಟ. ಮೂರು ಗಂಟೆಗೆ ಬಣ್ಣದ ಕೋಣೆಯಲ್ಲಿ ಶ್ರೀಮಂತ ಕೆಂಪು ವೆಲ್ವೆಟ್ಟಿನ ಹೊಸ ಚಾವಟಿಯೊಂದನ್ನು ತೋರಿಸಿದ. “ಹಳೇದು ಹಿಂಜಿ ಹೋಗಿತ್ರಿ ಮಾಸ್ತರ. ಧಾರಾವ್ಯಾಗ ಹೊಲಸೀನಿ. ಚಂದ ಐತಿಲ್ಲೋ?”

ಚೆಂದವೇ ಇತ್ತು. ನಾನು ಕೈಯಲ್ಲಿ ಹಿಡಿದು ನೋಡಲಿಲ್ಲ. ಹದಿನಾಲ್ಕು ವರ್ಷ ಲ್ಯಾಬಿನಲ್ಲಿ ಒಂದು ಚಿಟಿಕೆ ಪುಡಿಯನ್ನೂ ತೂಗದೆ ಬಳಸದ ನಾನು, ಅದನ್ನು ಕೈಗೆತ್ತಿಕೊಂಡು ತೂಕ ನೋಡಲಿಲ್ಲ.

ಥಿಯೇಟರಿನ ಮ್ಯಾನೇಜರ್ ಚೆನ್ನಯ ಒಳಗೆ ಬಂದ. ಕಾರ್ಕಳದ ಕಡೆಯವನು. ಅವನ ಅಜ್ಜ ಇಲ್ಲೇ ಕ್ಯಾಂಟೀನು ನಡೆಸಿದವರು, 1941ರ ಬೆಂಕಿಯನ್ನು ಕಣ್ಣಾರೆ ಕಂಡವರು. ಪರದೆಯ ಹಗ್ಗವನ್ನು ಚೆನ್ನಯ ಬೇರೆಯವರ ಕೈಗೆ ಕೊಡುವುದಿಲ್ಲ.

“ಹಾಲ್ ಫುಲ್ ಉಂಟು ಮಾಸ್ಟ್ರೇ. ಹಿಂದಿನ ನಾಲ್ಕು ಸಾಲು ಒಬ್ಬರದ್ದೇ ಬುಕಿಂಗು. ಶ್ರೀಮಂತಣ್ಣನ ಜನ ಅಂತೆ. ಅಭಿಮಾನಿಗಳು ಮಾರಾಯ್ರೆ ನಿಮ್ಮ ಹೊಸ ಹೀರೋಗೆ!”

ಸಂದಿಯಿಂದ ಹಣಿಕಿದೆ. ಹಿಂದಿನ ಸಾಲುಗಳಲ್ಲಿ ಟವರಿನ ಹುಡುಗರು, ನಡುವೆ ಅವರ ಸೂಪರ್‌ವೈಸರ್ ಅನಿಲಕುಮಾರ. ಮುಂದೆ, ಹೆಂಗಸರ ಸಾಲಿನಲ್ಲಿ, ಸಂಗಪ್ಪನ ಹೆಂಡತಿ ಸೇವಂತಿ ಕೂತಿದ್ದಳು. ಮರುದಿನ ಕೋರ್ಟಿಗೆ ಹೋಗಲು ಅಂಬರನಾಥದಿಂದ ಒಂದು ದಿನ ಮೊದಲೇ ಬಂದಿದ್ದಳು. ಈಶ್ವರನೇ ಅವಳಿಗೆ ಟಿಕೆಟ್ ಕೊಟ್ಟಿದ್ದ.

ಏಳೇಟಿನ ದೃಶ್ಯ ಐದಕ್ಕೆ ಹತ್ತು ನಿಮಿಷ ಇದ್ದಾಗ ಬಂತು. ಬಿಳಿ ಕೋಟು, ಕಪ್ಪು ಟೊಪ್ಪಿಗೆಯಲ್ಲಿ ಈಶ್ವರ ರಂಗದ ನಡುವೆ ನಿಂತು ಮೊದಲ ಮಾತು ಎತ್ತಿದ: “ಯಾವನೋ ಅಂವ, ನನ್ನ ಖಾತ್ಯಾಗ ನನಗ ಎದರ ನಿಂತಾಂವ?” ಸಭೆ ನಕ್ಕಿತು. ಶ್ರೀಮಂತ ಮೇಜಿನ ಮೇಲಿಂದ ಮುಕಾದಮನ ಚಾವಟಿ ಕಸಿದುಕೊಂಡ. ಅವನ ಭುಜ ಮುಂದಕ್ಕೆ ಬಿತ್ತು. ನಾನು ಬಡಿದೆ.

ಈಶ್ವರ ಕೂಗಿದ. ಹಾಗೆ ಅವನು ಹಿಂದೆಂದೂ ಕೂಗಿರಲಿಲ್ಲ. ನನಗೆ ಸಂತೋಷವಾಯಿತು. ಐದು ವರ್ಷದಿಂದ ಹೇಳುತ್ತಿದ್ದೆ, ಹೊಟ್ಟೆಯಿಂದ ಕೂಗೋ ಎಂದು. ಎರಡು, ಮೂರು, ನಾಲ್ಕು. ಭುಜ, ಹಲಗೆ, ಕೂಗು. ‘ನನಗ ಗೊತ್ತಿಲ್ಲ’ ಎನ್ನುವಾಗ ಅವನ ಧ್ವನಿ ಒಡೆಯಿತು, ಅದೂ ಹೊಸತು. ಏಳನೆಯದಕ್ಕೆ ‘ಗೊತ್ತಿತ್ತು’ ಎಂದು ಮೊಣಕಾಲೂರಿ ಮುಗ್ಗರಿಸಿ ಬಿದ್ದ. ಚಪ್ಪಾಳೆ. ಚಪ್ಪಾಳೆ ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಅನಿಲಕುಮಾರನ ಗಂಟಲು: “ಒನ್ಸ್ ಮೋರ್!” ನಲವತ್ತು ಗಂಟಲು ಅದನ್ನು ಎತ್ತಿಕೊಂಡವು. ಇಡೀ ಸಭೆ ಎತ್ತಿಕೊಂಡಿತು. ಹತ್ತು ವರ್ಷದಿಂದ ಆ ದೃಶ್ಯಕ್ಕೆ ಒಂದು ಒನ್ಸ್ ಮೋರೂ ಬಂದಿರಲಿಲ್ಲ. ಚೆನ್ನಯ ಎದುರು ಮರೆಯಿಂದ ನನಗೆ ಹೆಬ್ಬೆರಳು ತೋರಿಸಿದ.

ಈಶ್ವರ ಎದ್ದ. ಏಳಲು ಬಹಳ ಹೊತ್ತು ತೆಗೆದುಕೊಂಡ.

ಎರಡನೇ ಸುತ್ತಿನ ಮೊದಲನೇ ಏಟಿಗೆ ನನಗೆ ಎರಡು ಸದ್ದು ಕೇಳಿಸಿದವು. ಬಾಲ್ಕನಿಯ ಗೋಡೆ ರಂಗದಿಂದ ಎಪ್ಪತ್ತು ಅಡಿ. ಅಲ್ಲಿಗೆ ಹೋದ ಸದ್ದು ಸೆಕೆಂಡಿನ ಎಂಟನೇ ಒಂದು ಪಾಲಿನಲ್ಲಿ ತಿರುಗಿ ಬರುತ್ತದೆ. ಹಾಲ್ ಖಾಲಿ ಇದ್ದಾಗ ಎಷ್ಟೋ ಸಲ ಅದನ್ನು ಕೇಳಿದ್ದೆ. ಪ್ರತಿಧ್ವನಿ ಎಂದುಕೊಂಡೆ. ಎರಡನೇ ಏಟು. ಮತ್ತೆ ಎರಡು ಸದ್ದು. ಈ ಸಲ ಹಲಗೆಗಿಂತ ಆ ಇನ್ನೊಂದು ಸದ್ದು ಮೊದಲು ಬಂತು.

ಪ್ರತಿಧ್ವನಿ ಮೊದಲು ಬರುವುದಿಲ್ಲ.

ಮೂರನೆಯದಕ್ಕೆ ನಾನು ಹಲಗೆ ಬಡಿಯಲಿಲ್ಲ. ಎರಡೂ ಕೈಯಲ್ಲಿ ಅವನ್ನು ಅಗಲಿಸಿ ಹಿಡಿದು ನಿಂತೆ. ಭುಜ ಬಿತ್ತು. ಸದ್ದು ಬಂತು. ನನ್ನದಕ್ಕಿಂತ ಮಂದವಾದ, ಒದ್ದೆಯಾದ ಸದ್ದು, ನೆನೆದ ಗೋಣಿಚೀಲಕ್ಕೆ ಸಲಿಕೆಯ ಬೆನ್ನಿನಿಂದ ಬಡಿದಂತೆ. ನಾಲ್ಕನೆಯದು ಕುತ್ತಿಗೆಗೆ ಬಿತ್ತು. ಬಿಳಿ ಕೋಟಿನ ಕಾಲರಿನ ಮೇಲೆ ಕೆಂಪು ಮೂಡಿತು. ನಾವು ನಾಟಕಕ್ಕೆ ಬಳಸುವ ಕೆಂಪು ನಾನೇ ಕಲಸಿದ್ದು. ಬಟ್ಟೆಗೆ ತಾಗಿದರೆ ಅಂಚಿನಲ್ಲಿ ಗುಲಾಬಿಗೆ ತಿರುಗುತ್ತದೆ. ಇದು ತಿರುಗಲಿಲ್ಲ. ಸಭೆ ಮಾತ್ರ “ಆಹಾ!” ಅಂದಿತು.

ಐದು. ಆರು. ಏಳು. ಈಶ್ವರ ನಾನಿದ್ದ ಮರೆಯಿಂದ ನಾಲ್ಕು ಅಡಿ ದೂರದಲ್ಲಿ ಬಿದ್ದ.

“ಒನ್ಸ್ ಮೋರ್! ಒನ್ಸ್ ಮೋರ್!”

ನಾನು ಹಿಂದಿನ ಪರದೆಯ ಬೆನ್ನಿನಿಂದ ಓಡಿ ಚೆನ್ನಯನ ರಟ್ಟೆ ಹಿಡಿದೆ. “ಪರದೆ ಇಳಸು. ಅಂವ ಖರೇನ ಹೊಡ್ಯಾಕತ್ತಾನ. ಚಾವಟಿಯೊಳಗ ಏನೋ ಐತಿ.”

“ಎಂತ ಹೇಳ್ತೀರಿ?”

“ನನ್ನ ಹಲಗಿ ಸುಮ್ಮನಿದ್ದೂ ಸದ್ದು ಬಂತು. ಇಳಸು!”

ಚೆನ್ನಯನ ಮುಖ ಬಿಳಿಚಿತು. ಆದರೆ ಕೈ ಹಗ್ಗದ ಗೂಟದ ಮೇಲೆಯೇ ಇತ್ತು. “ಆಗ್ಲಿಕ್ಕಿಲ್ಲ ಮಾಸ್ಟ್ರೇ. ಒಳಗೆ ಆರುನೂರು ಜನ ಇದ್ದಾರೆ. ಪರದೆ ಬಿದ್ರೆ ಏನಾಗ್ತದೆ ಅಂತ ನಮ್ಮಜ್ಜ ನೋಡಿದ್ದಾರೆ. ಅವನು ಏಳುವುದು ಬೇಡ ಅಂತ ಹೇಳಿ. ಏಳದಿದ್ರೆ ಮುಗೀತಲ್ಲ, ಕಾಯಿದೆ ಉಂಟಲ್ಲ?”

ಅದು ನಿಜ. ಮತ್ತೆ ಎಡಗಡೆಗೆ ಓಡಿದೆ. ಈಶ್ವರ ಕೈಯೂರಿ ಕೂತಿದ್ದ. ಸಭೆಗೆ ಅವನ ಬೆನ್ನು, ನನಗೆ ಮುಖ. ಕೆಳತುಟಿ ಸೀಳಿತ್ತು.

“ಏಳಬ್ಯಾಡೋ. ಮಲಕೋ. ಮುಗೀತು.”

“ಮಲಕೊಂಡ್ರ ಅಂವ ಗೆದ್ದ, ಕಾಕಾ.” ಒಂದು ಹಲ್ಲನ್ನು ನಾಲಿಗೆಯಿಂದ ಸರಿಸಿ ಉಗುಳಿದ. “ನಾಳಿನ ತನಕ ಈ ಬಾಯಿ ಇಡೂದಿಲ್ಲ ಅಂವ. ಹೊರಗ ಗಾಡಿ ನಿಲ್ಲಿಸ್ಯಾನಂತ, ಈಗ ಕಿವ್ಯಾಗ ಹೇಳಿದ. ಇಲ್ಲೆ ಆರುನೂರ ಮಂದಿ ಅದಾರ. ಹಲಗಿ ಬಡೀಬ್ಯಾಡ್ರಿ. ಕೇಳಲಿ ಎಲ್ಲಾರಿಗೂ.”

ಅವನು ಎದ್ದು ನಿಂತ. ಸಭೆ ಶಿಳ್ಳೆ ಹಾಕಿತು.

ಮೂರನೇ ಸುತ್ತನ್ನು ನಾನು ಪೂರ್ತಿ ನೋಡಿದ್ದೇನೆ. ನೋಡದೆ ಇರಬಹುದಿತ್ತು. ಶ್ರೀಮಂತ ಈಗ ಬೆನ್ನನ್ನು ಬಿಟ್ಟಿದ್ದ. ಮೊದಲನೆಯದು ಪಕ್ಕೆಲುಬಿಗೆ. ಎರಡನೆಯದು ಅಡ್ಡ ಹಿಡಿದ ಎಡ ಮುಂಗೈಗೆ. ಆ ಕೈ ಆಮೇಲೆ ಮೇಲೇಳಲಿಲ್ಲ. ಮೂರನೆಯದು ಕಿವಿಗೆ. ಪ್ರತಿ ಏಟಿಗೂ ಶ್ರೀಮಂತ ತಪ್ಪದೆ ಕೇಳುತ್ತಿದ್ದ: “ಪಟ್ಟಾ ಹರಿಯೂದು ನಿನಗ ಗೊತ್ತಿತ್ತಿಲ್ಲೋ?” ಈಶ್ವರ ತಪ್ಪದೆ ಅನ್ನುತ್ತಿದ್ದ: “ನನಗ ಗೊತ್ತಿಲ್ಲ.” ನಾಲ್ಕನೆಯದು ಎಡಗಣ್ಣಿಗೆ. ಸಭೆಯಲ್ಲಿ ಚಪ್ಪಾಳೆ ತೆಳುವಾಯಿತು. ಹಲಗೆಯ ಸದ್ದಿಲ್ಲದ ಏಟಿನಲ್ಲಿ ಏನೋ ಬೇರೆಯಿದೆ ಎಂದು ಮುಂದಿನ ಸಾಲುಗಳು ಮೊದಲು ಗುರುತಿಸಿದವು. ಒಬ್ಬ ಮುದುಕ ಎದ್ದು ನಿಂತ. ಹಿಂದಿನ ನಾಲ್ಕು ಸಾಲು ಮಾತ್ರ ಏಟನ್ನು ಎಣಿಸುತ್ತಿತ್ತು. ಐದು. ಆರು.

ಏಳನೆಯದು ಹೆಗಲಿಗೆ ಬಿತ್ತು. ಈಶ್ವರ ಬೀಳಲಿಲ್ಲ. ಬಲಗೈ ಎತ್ತಿ ಶ್ರೀಮಂತನತ್ತ ತೋರಿಸಿದ.

“ಗೊತ್ತಿತ್ತು. ನನಗಲ್ಲ, ನಿನಗ. ಲಿಫ್ಟಿನ ಹಗ್ಗದ ಎಳಿ ಕಿತ್ತಾವು ಅಂತ ಸಂಗಪ್ಪ ಸಾಯೂಕಿಂತ ಎರಡ ದಿನಾ ಮೊದಲ ನಿನಗ ನಾನ ತೋರಿಸೀನಿ. ಸ್ಲ್ಯಾಬ್ ಆಗಲಿ, ಆಮ್ಯಾಲ ನೋಡೂಣು ಅಂದಿ ನೀನು, ಶ್ರೀಮಂತಣ್ಣ.”

ಅದು ನಾಟಕದ ಮಾತಲ್ಲ. ಅರವತ್ತು ವರ್ಷದಿಂದ ನೋಡುತ್ತಿದ್ದವರಿಗೆ ಆ ನಾಟಕದ ಒಂದೊಂದು ಮಾತೂ ಬಾಯಿಪಾಠ.

ಹೆಂಗಸರ ಸಾಲಿನಿಂದ ಸೇವಂತಿ ಎದ್ದಳು. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ನೇರವಾಗಿ ರಂಗವನ್ನು ನೋಡುತ್ತಾ ಹೇಳಿದಳು. ಕೂಗಲಿಲ್ಲ, ಆದರೂ ಬಾಲ್ಕನಿಯ ತನಕ ಮುಟ್ಟಿತು.

“ಒನ್ಸ್ ಮೋರ್.”

ಅನಿಲಕುಮಾರನ ಸಾಲುಗಳು ಸುಮ್ಮನಾದವು. ಉಳಿದ ಸಭೆ ಒಂದೇ ಬಾಯಾಗಿ ಅದನ್ನು ಹಿಡಿಯಿತು. ಶ್ರೀಮಂತ ಚಾವಟಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಲಗಡೆಯ ಮರೆಯತ್ತ ಸರಸರ ನಡೆದ. ಅಲ್ಲಿ ಚೆನ್ನಯ ಎರಡೂ ಕೈ ಅಗಲಿಸಿ ಸಂದಿಗೆ ಅಡ್ಡ ನಿಂತಿದ್ದ.

“ಬಾಜೂ ಸರಿ.”

“ಒನ್ಸ್ ಮೋರ್ ಕೇಳಿದ್ದಾರೆ ಧಣಿ. ಒಳಗೆ ಬರ್ಲಿಕ್ಕಿಲ್ಲ.”

“ನಿನ್ನವ್ನ, ಸರೀತಿಯಿಲ್ಲೋ?”

“ಅಲ್ಲಿ ಬರ್ದಿದೆ, ಓದಿಕೊಳ್ಳಿ. ಕನ್ನಡದಲ್ಲಿಯೇ ಉಂಟು.”

ಶ್ರೀಮಂತ ಅವನ ಹೊಟ್ಟೆಗೆ ಗುದ್ದಿದ. ಚೆನ್ನಯ ಮಡಚಿಕೊಂಡು ಕುಸಿದ, ಆದರೆ ಸಂದಿಯಲ್ಲೇ ಕುಸಿದ. ಅಷ್ಟರಲ್ಲಿ ರಂಗದ ನಡುವೆ ಈಶ್ವರ ಮೊದಲ ಮಾತು ಎತ್ತಿಬಿಟ್ಟಿದ್ದ. “ಯಾವನೋ ಅಂವ, ನನ್ನ ಖಾತ್ಯಾಗ ನನಗ ಎದರ ನಿಂತಾಂವ?” ಯಾರೂ ನಗಲಿಲ್ಲ. ಮುಂದಿನ ಮಾತು ಶ್ರೀಮಂತನದು. ಅವನು ಆಡಲಿಲ್ಲ. ಸಭೆಯೇ ಆಡಿತು. ಆರುನೂರು ಜನ, ಹೆಂಗಸರು, ಮುದುಕರು, ಕನ್ನಡ ಅರೆಬರೆ ಬರುವ ಅವರ ಮೊಮ್ಮಕ್ಕಳು: “ಗೊತ್ತಿತ್ತಿಲ್ಲೋ?”

ಈಶ್ವರ ಮತ್ತೆ ಹೇ‍ಳಿದ. ಹಗ್ಗ, ಎಳೆ, ಎರಡು ದಿನ, ಸ್ಲ್ಯಾಬು. ಒಂದು ಮಾತೂ ಆಚೀಚೆ ಆಗಲಿಲ್ಲ.

ಶ್ರೀಮಂತ ಹಿಂದಿನಿಂದ ಓಡಿಬಂದು, ಈಶ್ವರ ತಿರುಗುತ್ತಿದ್ದಂತೆ, ಕೈಯಲ್ಲಿದ್ದಷ್ಟು ಬಲದಿಂದ ದವಡೆಗೆ ಬೀಸಿದ. ವೆಲ್ವೆಟ್ಟು ಹರಿಯಿತು. ಒಳಗಿನಿಂದ ಹೆಬ್ಬೆರಳು ದಪ್ಪದ, ಕಪ್ಪು ರಬ್ಬರಿನ ವೆಲ್ಡಿಂಗ್ ಕೇಬಲ್ ಹೊರಬಂದು ತೂಗಾಡಿತು. ತುದಿಯಲ್ಲಿ ಕತ್ತರಿಸಿದ ತಾಮ್ರದ ಎಳೆಗಳು ಹೊಳೆದವು. ದವಡೆ ಮುರಿದ ಸದ್ದು ಬಾಲ್ಕನಿಗೆ ಹೋಗಿ ತಿರುಗಿ ಬಂದುದನ್ನು ನಾನು ಕೇಳಿದೆ.

ಆಮೇಲೆ ಜನ ಬಂದರು.

ನಾನು ಈಶ್ವರನನ್ನು ಕಂಕುಳಿಗೆ ಕೈಹಾಕಿ ಎಡಗಡೆಯ ಮರೆಗೆ ಎಳೆದುಕೊಂಡೆ. ಅವನ ಗಲ್ಲ ಒಂದು ಬದಿಗೆ ತೂಗುತ್ತಿತ್ತು. ರಂಗದ ಮೇಲೆ ಮೂವತ್ತು ನಲವತ್ತು ಜನ. ಅನಿಲಕುಮಾರನ ಹುಡುಗರೂ ಅದರಲ್ಲಿದ್ದರು. ಸಂಗಪ್ಪನ ಜೊತೆ ಅದೇ ಲಿಫ್ಟಿನಲ್ಲಿ ಏರಿ ಇಳಿದವರು ಅವರು; ಹೇಳಿದಲ್ಲಿ ಒನ್ಸ್ ಮೋರ್ ಕೂಗಲು ಬಂದಿದ್ದರು, ಹೀಗಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ಅನಿಲಕುಮಾರ ಒಬ್ಬನೇ ಹಿಂಬಾಗಿಲಿನಿಂದ ಓಡಿದ. ಶ್ರೀಮಂತನನ್ನು ಕೆಡವಿದರು. ಯಾರೋ ಕೇಬಲ್ ಕಸಿದುಕೊಂಡರು. ಮೊದಲ ಏಟು ಬಿದ್ದಾಗ ಕೆಳಗಿನಿಂದ ಒಂದು ಗಂಟಲು “ಒಂದು!” ಅಂದಿತು. ಎರಡು. ಮೂರು. ಪ್ರತಿ ಏಟಿನ ನಡುವೆ ಪ್ರಶ್ನೆ ಕೇಳುತ್ತಿದ್ದರು, ಉತ್ತರಕ್ಕೆ ಯಾರೂ ಕಾಯುತ್ತಿರಲಿಲ್ಲ. ಶ್ರೀಮಂತ “ಹೌದ್ರೋ, ಗೊತ್ತಿತ್ರೋ” ಅಂದದ್ದು ನನಗೆ ಕೇಳಿಸಿತು. ಅದು ಮೂರನೇ ಏಟಿಗೆ. ಅವರು ನಿಲ್ಲಿಸಲಿಲ್ಲ. ಏಳಾಯಿತು.

“ಒನ್ಸ್ ಮೋರ್!”

ನನ್ನ ವಹಿಯ ಲೆಕ್ಕ ಯಾಕೆ ಹೊಂದಲಿಲ್ಲವೆಂದು ಆಗ ಗೊತ್ತಾಯಿತು. ಸಿಟ್ಟು ಆ ಹಾಲಿನಲ್ಲಿ ಇಳಿಯುತ್ತಿರಲಿಲ್ಲ. ಅಲ್ಲಿ ಅದು ತಾಲೀಮು ಮಾಡುತ್ತಿತ್ತು.

ಎರಡನೇ ಸುತ್ತಿನ ನಾಲ್ಕನೆಯದಕ್ಕೆ ಶ್ರೀಮಂತನ ಕಾಲು ಒದೆಯುವುದನ್ನು ನಿಲ್ಲಿಸಿತು. ಈಶ್ವರ ನನ್ನ ಅಂಗಿ ಹಿಡಿದು ಜಗ್ಗಿದ. ಮಾತಾಡಲು ಬಾಯಿಯಿರಲಿಲ್ಲ. ರಂಗದತ್ತ ನೋಡಿದ, ನನ್ನತ್ತ ನೋಡಿದ, ಸರಿಯಿದ್ದ ಕೈಯಿಂದ ಕೆಳಕ್ಕೆ ಎಳೆಯುವ ಸನ್ನೆ ಮಾಡಿದ. ಸತ್ತವನನ್ನು ಕೋರ್ಟು ಏನೂ ಕೇಳುವುದಿಲ್ಲ. ಶ್ರೀಮಂತ ಸತ್ತರೆ ಸಂಗಪ್ಪನ ಕೇಸೂ ಸಾಯುತ್ತದೆ, ಮೇಲೆ ಒಂದು ಕೊಲೆಯ ಕೇಸು ಹುಟ್ಟುತ್ತದೆ.

ನಾನು ಹಿಂದಿನಿಂದ ಓಡಿದೆ. ಚೆನ್ನಯ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ನಾನು ಗೂಟಕ್ಕೆ ಕೈ ಹಾಕಿದ್ದನ್ನು ನೋಡಿದ. “ಮಾಸ್ಟ್ರೇ,” ಎಂದ, ಅಷ್ಟೇ. ತಡೆಯಲಿಲ್ಲ.

ಗೂಟ ಕಿತ್ತೆ. ಪರದೆಯ ಕೆಳತುದಿಗೆ ಮೂವತ್ತಡಿ ಉದ್ದದ ಮರದ ತೊಲೆಯಿದೆ. ಹದಿನೆಂಟು ಅಡಿ ಎತ್ತರದಿಂದ ಅದು ಬೀಳಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಅಷ್ಟು ಹೊತ್ತಿನಲ್ಲಿ ಕೆಲವರು ತಲೆಯೆತ್ತಿ ನೋಡಿದರು, ಕೆಲವರು ಹಿಂದಕ್ಕೆ ಹಾರಿದರು. ಕೇಬಲ್ ಹಿಡಿದಿದ್ದವನು ಹಾರಲಿಲ್ಲ. ತೊಲೆ ಅವನ ಮುಂಗೈಯ ಮೇಲೆ ಬಿದ್ದು ಎಲುಬನ್ನು ಎರಡು ಮಾಡಿತು. ಶ್ರೀಮಂತ ಪರದೆಯ ಒಳಗೆ ಉಳಿದ, ಜನ ಹೊರಗೆ. ಒಳಗೆ ಸಿಕ್ಕ ನಾಲ್ಕೈದು ಮಂದಿ, ಇದ್ದಕ್ಕಿದ್ದಂತೆ ಸಭೆಯೇ ಇಲ್ಲದಾದಾಗ, ತಮ್ಮ ಕೈಗಳನ್ನು ನೋಡಿಕೊಂಡು ನಿಂತುಬಿಟ್ಟರು.

ಹೊರಗೆ ಮೊದಲು ಒಂದು ಕುರ್ಚಿ ಮುರಿಯಿತು.

ಪೊಲೀಸರು ಬರುವಷ್ಟರಲ್ಲಿ ಕೆಳಗಿನ ಒಂದು ಸಾಲೂ ಉಳಿದಿರಲಿಲ್ಲ. ಬಾಲ್ಕನಿಯ ಕಟಕಟೆಯನ್ನು ಕಿತ್ತು ಕೆಳಗೆ ಎಸೆದಿದ್ದರು. ಅದು ಬಿದ್ದು ಒಬ್ಬ ಹೆಂಗಸಿನ ತಲೆ ಒಡೆದಿತ್ತು. ಟಿಕೆಟ್ ಕಿಟಕಿ ಉರಿಯುತ್ತಿತ್ತು. ಚೆನ್ನಯ ಎರಡು ಬಕೆಟ್ ನೀರು ಹಾಕಿ, ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಗೋಡೆಯ ಬರಹವನ್ನು ನೋಡುತ್ತಾ ನಿಂತ. “ನಮ್ಮಜ್ಜ ಸುಳ್ಳು ಹೇಳಿರ್ಲಿಲ್ಲ ಮಾರಾಯ್ರೆ,” ಎಂದ. ಆಮೇಲೆ ನನ್ನ ಕಡೆ ತಿರುಗಿ, “ನಾನಾದ್ರೂ ಅದನ್ನೇ ಮಾಡ್ತಿದ್ದೆ. ಸ್ವಲ್ಪ ತಡವಾಗಿ.” ಮೆಹರ್‌ಬಾನ್ ಥಿಯೇಟರಿನ ಬಾಗಿಲು ಅಂದಿನಿಂದ ತೆರೆದಿಲ್ಲ.

ಸೋಮವಾರದ ತಾರೀಖು ಮುಂದಕ್ಕೆ ಹೋಯಿತು. ಈಶ್ವರನ ಎಡಗಣ್ಣು ಹೋಯಿತು. ದವಡೆಗೆ ಏಳು ವಾರ ತಂತಿ ಕಟ್ಟಿದ್ದರು, ಸ್ಟ್ರಾದಲ್ಲಿ ಗಂಜಿ ಕುಡಿದ. ನಾನು ದಿನವೂ ಆಸ್ಪತ್ರೆಗೆ ಹೋಗುತ್ತಿದ್ದೆ. ಕ್ಷಮೆ ಕೇಳಬೇಕೆಂದು ಹೋಗುತ್ತಿದ್ದೆ, ಕೇಳದೆ ಬರುತ್ತಿದ್ದೆ. ಒಂದು ದಿನ ಅವನೇ ಒಂದು ಚೀಟಿಯಲ್ಲಿ ಬರೆದು ತೋರಿಸಿದ: ‘ಮೊದಲ ಏಳು ನಿಮ್ಮವು. ಬಾಕಿ ಅಂವನವು.’ ಬರೆದು, ಮುರಿದ ಬಾಯಿಯಲ್ಲೇ ನಗಲು ನೋಡಿದ.

ಜೂನಿನಲ್ಲಿ ತಾರೀಖು ಬಂತು. ಸೇವಂತಿಯೂ ನಾನೂ ಹಿಂದಿನ ಬೆಂಚಿನಲ್ಲಿ ಕೂತೆವು. ಆಚೆ ಬದಿ ಊರುಗೋಲು ಹಿಡಿದು ಶ್ರೀಮಂತ ಕೂತಿದ್ದ. ಬಾಯಿ ಕಷ್ಟದಿಂದ ತೆರೆಯುತ್ತದೆಂದು ಡಾಕ್ಟರ ಚೀಟಿ ನೋಡಿ ನ್ಯಾಯಾಧೀಶರು, ಕೂತೇ ಹೇಳಲಿ ಎಂದು ಈಶ್ವರನಿಗೆ ಕುರ್ಚಿ ಕೊಡಿಸಿದರು. ಅವನು ಹಿಂದಿಯಲ್ಲಿ ಹೇಳಿದ: ಹಗ್ಗ, ಎಳೆ, ಎರಡು ದಿನ, ಸ್ಲ್ಯಾಬು. ಮಾತುಗಳು ಹಲ್ಲಿಲ್ಲದ ಕಡೆಯಿಂದ ಜಾರಿದವು. ಟೈಪು ಮಾಡುವವನು ಕೈ ನಿಲ್ಲಿಸಿದ. “ಸಮಝಾ ನಹೀ. ಫಿರ್ ಸೆ ಬೋಲೋ.”

ಈಶ್ವರ ಕುರ್ಚಿಯಿಂದ ಎದ್ದು ನಿಂತು ಮೊದಲಿನಿಂದ ಹೇಳಿದ. ಆಚೆಯ ವಕೀಲ, ತನಗೂ ಕೇಳಿಸಲಿಲ್ಲ ಎಂದ. ಈಶ್ವರ ಇನ್ನೂ ನಿಧಾನವಾಗಿ, ಒಂದೊಂದೇ ಮಾತನ್ನು ನಾಲಿಗೆಯಿಂದ ಸರಿಯಾದ ಜಾಗಕ್ಕೆ ತಳ್ಳುತ್ತಾ, ಮತ್ತೆ ಮೊದಲಿನಿಂದ ಹೇಳಿದ. ಅವನ ಒಂದು ಕಣ್ಣು ಶ್ರೀಮಂತನ ಮೇಲಿತ್ತು. ಶ್ರೀಮಂತ ನೆಲ ನೋಡುತ್ತಿದ್ದ. ಮೂರನೇ ಸಲ ಟೈಪಿನವನ ಬೆರಳುಗಳು ಓಡಿದವು. ಕೊನೆಯ ಮಾತು ಮುಟ್ಟುವ ತನಕ ಅವು ನಿಲ್ಲಲಿಲ್ಲ. ಓದಿ ತೋರಿಸಿದರು, ಈಶ್ವರ ಹೌದೆಂದ, ಸಹಿ ಮಾಡಿದ.

ಆಮೇಲೆ ಕುರ್ಚಿಯಲ್ಲಿ ಕೂತ.